ತೋಟ ಎತ್ತ ಹೋಗಬೇಕು? ಒಂದು ಹಾಳೆಯ ಅನುಭವ

ನಮ್ಮದು ಕಳಸ ಸೀಮೆಯ ಒಂದು ಸಣ್ಣ ಹಿಡುವಳಿ. ಕಣಿವೆಯಲ್ಲಿ ಎರಡೂವರೆ ಎಕ್ರೆ ಅಡಿಕೆ, ಮೇಲಿನ ಇಳಿಜಾರಿನಲ್ಲಿ ನಾಲ್ಕು ಎಕ್ರೆ ಕಾಫಿ. ಮಳೆ ನನ್ನ ಮಾಪಕದಲ್ಲಿ ವರ್ಷಕ್ಕೆ 120ರಿಂದ 150 ಇಂಚು. 1993ರಲ್ಲಿ ಅಪ್ಪಯ್ಯನ ಕೈಯಿಂದ ತೋಟ ನನ್ನ ಕೈಗೆ ಬಂತು. ಆವತ್ತಿಂದ ಹದಿಮೂರು ವರ್ಷ ನಾನು ದುಡಿದದ್ದಕ್ಕೆ ಸಾಕ್ಷಿ ಬೇಕಿಲ್ಲ. ಆದರೆ ಎತ್ತ ಕಡೆಗೆ ದುಡಿಯುತ್ತಿದ್ದೇನೆ ಎಂಬುದು ಮಾತ್ರ ನನಗೇ ಗೊತ್ತಿರಲಿಲ್ಲ.

ಇದನ್ನು ನನಗೆ ಕಾಣಿಸಿಕೊಟ್ಟದ್ದು ನನ್ನ ಹೆಂಡತಿ ಕೇಳಿದ ಒಂದು ಪ್ರಶ್ನೆ ಮತ್ತು ಆಮೇಲೆ ಬರೆದ ಒಂದು ಹಾಳೆ. ಅದರ ಕಥೆ ಹೇಳುತ್ತೇನೆ. ತೋಟ ಇರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ದರದ ಬೆನ್ನು ಹಿಡಿದ ವರ್ಷಗಳು

ನಾನು ತೋಟಕ್ಕಿಳಿದ ಕಾಲ ಕಾಫಿಗೆ ದೊಡ್ಡ ಬದಲಾವಣೆಯ ಕಾಲ. ಅಪ್ಪಯ್ಯನ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. 1992ರ ನಂತರ ಈ ಕಟ್ಟು ಹಂತ ಹಂತವಾಗಿ ಸಡಿಲವಾಗಿ 1996ಕ್ಕೆ ಮಾರಾಟ ಪೂರ್ತಿ ಮುಕ್ತವಾಯಿತು. ನಡುವೆ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿಯ ಗಿಡಗಳು ಸುಟ್ಟವು. ದರ ಇಲ್ಲಿ ಜಿಗಿಯಿತು. ಅಪ್ಪಯ್ಯ ಜೀವಮಾನದಲ್ಲಿ ಕಾಣದ ದುಡ್ಡನ್ನು ನಾನು ಎರಡನೇ ವರ್ಷವೇ ಕಂಡೆ.

ಅದು ಬ್ರೆಜಿಲಿನ ಹಿಮದ ದುಡ್ಡು. ನನ್ನ ಜಾಣತನದ್ದು ಅಂತ ನಾನು ತಿಳಕೊಂಡೆ. ಅರೇಬಿಕಾಕ್ಕೆ ದರ ಹೆಚ್ಚು ಎಂದು ಒಂದು ಎಕ್ರೆ ಹಳೇ ರೋಬಸ್ಟಾ ಕಿತ್ತು ಕಾವೇರಿ ತಳಿ ಹಾಕಿದೆ. ಗಿಡಕ್ಕೆ ಬಿಸಿಲು ಸಾಲದು ಎಂದು ನೆರಳಿನ ಮರಗಳನ್ನು ಬೋಳಿಸಿದೆ. ಬಿಸಿಲು ಬಿದ್ದ ಅರೇಬಿಕಾ ಕಾಂಡವೆಂದರೆ ಬಿಳಿ ಕಾಂಡಕೊರಕಕ್ಕೆ ಹಬ್ಬ. ಆರು ವರ್ಷದೊಳಗೆ ಬೋರರ್ ಹೊಡೆದ ಗಿಡಗಳನ್ನು ಕಿತ್ತು ಸುಡುವುದೇ ಒಂದು ಕೆಲಸವಾಯಿತು.

2000ದ ನಂತರ ಅಡಿಕೆ ದರ ಕುಸಿಯಿತು. ವಿಯೆಟ್ನಾಮಿನಿಂದ ರೋಬಸ್ಟಾ ಪ್ರವಾಹದಂತೆ ಬಂದು 2001-02ರಲ್ಲಿ ಕಾಫಿಯೂ ಬಿತ್ತು. ಕೊಯ್ಲಿನ ಕೂಲಿ ಹುಟ್ಟಿದರೆ ಸಾಕು ಅನ್ನುವ ಸ್ಥಿತಿ. ಅದೇ ಹೊತ್ತಿಗೆ ಕಿವಿಗೆ ಬಿದ್ದದ್ದು ವೆನಿಲ್ಲಾ.

ವೆನಿಲ್ಲಾ ಕಲಿಸಿದ ಪಾಠ

ವೆನಿಲ್ಲಾ ಹುಚ್ಚು ನೆನಪಿರುವವರು ಈಗಲೂ ಬಹಳ ಜನ ಇದ್ದಾರೆ. ಜಗತ್ತಿನ ವೆನಿಲ್ಲಾದ ದೊಡ್ಡ ಪಾಲು ಬೆಳೆಯುವುದು ಮಡಗಾಸ್ಕರಿನಲ್ಲಿ. 2000ದ ಏಪ್ರಿಲಿನಲ್ಲಿ ಹುದಾ ಎಂಬ ಚಂಡಮಾರುತ ಅಲ್ಲಿಯ ತೋಟಗಳನ್ನು ಕೆಡವಿತು. 2002ರಲ್ಲಿ ರಾಜಕೀಯ ಗಲಾಟೆಯೂ ಸೇರಿತು. ದರ ಏರುತ್ತಾ ಹೋಗಿ 2003ರಲ್ಲಿ ನಮ್ಮಲ್ಲಿ ಹಸಿ ಕೋಡಿಗೆ ಕೆ.ಜಿ.ಗೆ ಮೂರು ಸಾವಿರ ರೂಪಾಯಿ ದಾಟಿತು. ಕೋಡನ್ನು ಕಳ್ಳರಿಂದ ಕಾಯಲು ರಾತ್ರಿ ತೋಟದಲ್ಲಿ ಮಲಗಿದವರಿದ್ದರು.

ನಾನು ಬಳ್ಳಿ ನೆಟ್ಟದ್ದು 2002ರ ಮಳೆಗಾಲದಲ್ಲಿ. ಕೈಯಲ್ಲಿ ದುಡ್ಡಿರಲಿಲ್ಲ. ಹೆಂಡತಿಯ ಸರ, ಬಳೆ ಅಡವಿಟ್ಟೆ. ಬಳ್ಳಿ, ಆಧಾರದ ಗ್ಲಿರಿಸೀಡಿಯಾ, ನೆರಳು ಬಲೆ, ಕೂಲಿ ಎಲ್ಲ ಸೇರಿ ಎಪ್ಪತ್ತು ಸಾವಿರ. ಆ ಕಾಲಕ್ಕೆ ನಮಗದು ದೊಡ್ಡ ಮೊತ್ತ.

ವೆನಿಲ್ಲಾ ಹೂ ಬಿಡಲು ಮೂರನೇ ವರ್ಷ ಆಗಬೇಕು. ಹೂ ಬೆಳಿಗ್ಗೆ ಅರಳಿದರೆ ಮಧ್ಯಾಹ್ನದೊಳಗೆ ಕೈಯಲ್ಲೇ ಪರಾಗಸ್ಪರ್ಶ ಮಾಡಬೇಕು. ಆ ಕೈಚಳಕವನ್ನು 1841ರಲ್ಲಿ ಕಂಡುಹಿಡಿದದ್ದು ರಿಯೂನಿಯನ್ ದ್ವೀಪದ ಹನ್ನೆರಡು ವರ್ಷದ ಗುಲಾಮ ಹುಡುಗ ಎಡ್ಮಂಡ್ ಆಲ್ಬಿಯಸ್. ಅವನ ಕಡ್ಡಿಯ ಉಪಾಯವನ್ನೇ ನಮ್ಮ ಮನೆಯಲ್ಲಿ ಹೆಂಡತಿ ಕಲಿತಳು. 2005ರ ಫೆಬ್ರುವರಿ, ಮಾರ್ಚಿನಲ್ಲಿ ದಿನಾ ಬೆಳಿಗ್ಗೆ ಸ್ಟೂಲು ಹಿಡಿದು ಅವಳೇ ಹೂವಿನಿಂದ ಹೂವಿಗೆ ಹೋದಳು. ಕೋಡು ಬಲಿಯಲು ಮತ್ತೆ ಒಂಬತ್ತು ತಿಂಗಳು. ನಮ್ಮ ಕೋಡು ಕೊಯ್ಲಿಗೆ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ.

ಅಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತ್ತು. ದುಬಾರಿ ಸರಕು ಬಿಟ್ಟು ಕಾರ್ಖಾನೆಗಳು ಕೃತಕ ವೆನಿಲಿನ್‌ಗೆ ಹೊರಳಿದ್ದವು. ನನಗೆ ಸಿಕ್ಕ ದರ ಕೆ.ಜಿ.ಗೆ ನೂರು ರೂಪಾಯಿಯೂ ಇಲ್ಲ. ಬುಟ್ಟಿ ಹೊತ್ತು ಹೋದವನು ಬುಟ್ಟಿ ಹೊತ್ತೇ ವಾಪಸು ಬಂದೆ.

ಆ ರಾತ್ರಿ ಅವಳು ಬೈಯಲಿಲ್ಲ. ಊಟ ಬಡಿಸಿ, ಎದುರು ಕೂತು ಕೇಳಿದಳು:

"ಇಲ್ಲಿ ಕೇಳಿ. ಹೋದದ್ದು ಹೋಯ್ತು. ಇನ್ನು ಹದಿನೈದು ವರ್ಷಕ್ಕೆ ಈ ತೋಟ ಹೇಗಿರಬೇಕು ಅಂತ ನಿಮ್ಮ ಮನಸ್ಸಲ್ಲಿ ಉಂಟಾ? ಇದ್ದರೆ ಹೇಳಿ. ನಾನೂ ಅದಕ್ಕೇ ದುಡೀತೇನೆ. ಇಲ್ಲದಿದ್ದರೆ ನಾವಿಬ್ರೂ ಎಂತಕ್ಕೆ ಸಾಯೋದು?"

ನನ್ನಲ್ಲಿ ಉತ್ತರ ಇರಲಿಲ್ಲ.

ಕುದುರೆಮುಖದ ಭಾವ

ಅದೇ ತಿಂಗಳು ನಮ್ಮ ಪಕ್ಕದಲ್ಲೇ ಇನ್ನೊಂದು ಸಂಗತಿ ನಡೆಯಿತು. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನಂತೆ ಕುದುರೆಮುಖದ ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ನಿಂತಿತು. 1976ರಲ್ಲಿ ಶುರುವಾದ ಕಂಪೆನಿ. ಅದಿರಿನ ರಾಡಿ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರಿನ ಪಣಂಬೂರಿಗೆ ಹೋಗುತ್ತಿತ್ತು. ಕಳಸ ಪೇಟೆಯ ವ್ಯಾಪಾರಕ್ಕೂ ಆ ಟೌನ್‌ಶಿಪ್ಪಿನ ಸಂಬಳದ ಆಸರೆ ಇತ್ತು.

ನನ್ನ ಭಾವ ಅಲ್ಲಿ ಲಾರಿ ಓಡಿಸುತ್ತಿದ್ದರು. ಗಣಿಯ ಗುತ್ತಿಗೆ ಅವಧಿ 1999ಕ್ಕೇ ಮುಗಿದಿತ್ತು. ಆಮೇಲೆ ನಡೆದದ್ದು ತಾತ್ಕಾಲಿಕ ಅನುಮತಿಯ ಮೇಲೆ. "ಇಷ್ಟು ದೊಡ್ಡ ಕಂಪೆನಿ, ಯಾರು ಮುಚ್ತಾರೆ?" ಎಂದು ಹೆಚ್ಚಿನವರ ಮಾತು. ಭಾವ ಮಾತ್ರ ಆ ವರ್ಷವೇ ಪಾಳು ಬಿದ್ದಿದ್ದ ತಮ್ಮ ಒಂದೂವರೆ ಎಕ್ರೆಗೆ ಬೇಲಿ ಹಾಕಿದರು. ರಜೆ ಸಿಕ್ಕಾಗೆಲ್ಲ ಹಾಲುವಾಣ ನೆಟ್ಟು, ಗುಂಡಿ ತೆಗೆದು, ರೋಬಸ್ಟಾ ಎಬ್ಬಿಸಿದರು. ಗಣಿ ನಿಂತ ದಿನ ಅವರ ತೋಟ ಫಸಲಿಗೆ ಬಂದಿತ್ತು.

ಜನವರಿಯಲ್ಲಿ ಅವರ ಮನೆಗೆ ಹೋದಾಗ ಕೇಳಿದೆ, "ಗಣಿ ಮುಚ್ಚುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು ಭಾವ?"

"ನನಗೆಂತ ಗೊತ್ತು ಮಾರಾಯಾ! ಮುಚ್ಚಿದರೆ ನಾನು ಎಲ್ಲಿರಬೇಕು ಅನ್ನೋದು ಗೊತ್ತಿತ್ತು ಅಷ್ಟೇ."

ಈ ಮಾತು ಹಿಡಿದುಕೊಂಡು ಮನೆಗೆ ಬಂದೆ. ನಾನು ಹದಿಮೂರು ವರ್ಷ ನಾಳೆಯ ದರ ಏನೆಂದು ಊಹಿಸುತ್ತಾ ಕೂತಿದ್ದೆ. ಅದು ಯಾರಿಗೂ ಸಾಧ್ಯವಿಲ್ಲದ ಕೆಲಸ. ದರ ಏನೇ ಆದರೂ ನಾನು ಎಲ್ಲಿರಬೇಕು ಎಂಬುದು ಮಾತ್ರ ನಾನೇ ತೀರ್ಮಾನಿಸಬಹುದಾದ ಸಂಗತಿ. ಅದನ್ನೇ ನಾನು ಮಾಡಿರಲಿಲ್ಲ.

ಹಾಳೆ ಬರೆದದ್ದು ಹೀಗೆ

ಅವತ್ತು ಇಬ್ಬರೂ ಕೂತು ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದೆವು. ಮೊದಲು ತೋಟದ ನಕ್ಷೆ ಬರೆದೆವು. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಮಣ್ಣು ಸಡಿಲ, ಎಲ್ಲಿ ಸಂಜೆ ಬಿಸಿಲು. ಆಮೇಲೆ ಈ ತೋಟದಿಂದ ಆಗದ ಕೆಲಸಗಳ ಪಟ್ಟಿ. 150 ಇಂಚು ಮಳೆಗೆ ವೆನಿಲ್ಲಾ ಬುಡ ಕೊಳೆಯುತ್ತದೆ. ದಿನಾ ಹತ್ತು ಆಳು ಬೇಕಾಗುವ ಬೆಳೆ ನಮಗಲ್ಲ. ಈ ಪಟ್ಟಿ ಮುಗಿಯುವಾಗ ಮಾಡಬಹುದಾದದ್ದು ತಾನಾಗಿ ಕಾಣತೊಡಗಿತು. ಕೊನೆಗೆ ಐದು ಸಾಲು ಬರೆದೆವು:

1. ಹದಿನೈದು ವರ್ಷದಲ್ಲಿ ಯಾವ ಒಂದು ಬೆಳೆಯೂ ಆದಾಯದ ಅರ್ಧಕ್ಕಿಂತ ಹೆಚ್ಚು ಆಗಬಾರದು. (ಆಗ ಅಡಿಕೆಯೊಂದೇ ನೂರಕ್ಕೆ ಎಪ್ಪತ್ತು.)

2. ಮನೆಯವರು ಮತ್ತು ಇಬ್ಬರು ಖಾಯಂ ಆಳುಗಳಿಂದ ತೋಟ ನಡೆಯಬೇಕು. ಕೊಯ್ಲಿಗೆ ಮಾತ್ರ ಹೊರಗಿನವರು.

3. ಮೂರು ವರ್ಷ ನಾನೇ ಸಣ್ಣದಾಗಿ ಬೆಳೆದು ನೋಡದ ಬೆಳೆಗೆ ಸಾಲ ಮಾಡುವುದಿಲ್ಲ.

4. ಅರೇಬಿಕಾ ಬಿಡುವುದಿಲ್ಲ.

5. ಮಗಳಿಗೆ ತೋಟಕ್ಕೆ ಬರಬೇಕೆನಿಸಿದರೆ ಬರುವಂತಿರಬೇಕು. ಬಾರದಿದ್ದರೆ ಸಾಲದ ಹೊರೆ ಅವಳ ತಲೆ ಮೇಲೆ ಇರಬಾರದು.

ಇಷ್ಟೇ. ಹಾಳೆಯನ್ನು ಲೆಕ್ಕದ ಪುಸ್ತಕದ ರಟ್ಟಿನ ಒಳಗೆ ಅಂಟಿಸಿದೆವು. ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೇಲೆ, ಇಬ್ಬರೂ ಕೂತು ಅದನ್ನು ಓದಬೇಕೆಂದು ಮಾತಾಯಿತು.

ಹಾಳೆ ನಿಂತ ಕಡೆ

ಮೊದಲು ಕೈ ಹಾಕಿದ್ದು ಮೆಣಸಿಗೆ. 2006ರ ಸುಮಾರಿಗೆ ಮೆಣಸಿನ ದರ ಕೆ.ಜಿ.ಗೆ ನೂರರ ಒಳಗಿತ್ತು. "ಈಗ ಯಾರು ಮಾರಾಯ್ರೆ ಮೆಣಸು ನೆಡ್ತಾರೆ?" ಎಂದು ಕೇಳಿದವರೇ ಎಲ್ಲ. ನಾನು ನೆಟ್ಟದ್ದು ದರ ನೋಡಿ ಅಲ್ಲ, ಮೊದಲನೇ ಸಾಲು ನೋಡಿ. ಇದ್ದ ಸಿಲ್ವರ್ ಮರಗಳಿಗೆ ವರ್ಷಕ್ಕೆ ಅರವತ್ತರಂತೆ ಐದು ವರ್ಷ ಪಣಿಯೂರು-1 ಹಬ್ಬಿಸಿದೆ. ಒಂದೇ ವರ್ಷ ಮುನ್ನೂರು ನೆಡದ ಕಾರಣ ಎರಡನೇ ಸಾಲು. ಎರಡು ಆಳಿನಲ್ಲಿ ನೋಡಿಕೊಳ್ಳಲು ಆಗುವುದು ಅಷ್ಟೇ.

2015ರಲ್ಲಿ ಮೆಣಸು ಆರುನೂರು ದಾಟಿತು. ಆಗ ಊರೆಲ್ಲ ಮೆಣಸು. ನೀರು ನಿಲ್ಲುವ ಅಡಿಕೆ ಕಣಿವೆಗೂ ಬಳ್ಳಿ ಇಳಿಯಿತು. ನನಗೂ ಕೈ ತುರಿಸಿತು. ಆದರೆ ನಕ್ಷೆಯಲ್ಲಿ ಆ ಜಾಗಕ್ಕೆ 'ನೀರು' ಎಂದು ನನ್ನ ಕೈಯಲ್ಲೇ ಬರೆದಿದ್ದೆ. ಮೆಣಸಿನ ದುಡ್ಡಿನಲ್ಲಿ ಹೊಸ ಬಳ್ಳಿ ನೆಡುವ ಬದಲು ಬಸಿಗಾಲುವೆ ಆಳ ಮಾಡಿಸಿದೆ. 2018 ಮತ್ತು 2019ರ ಮಳೆಗೆ ಸೊರಗು ರೋಗ ಬಂದಾಗ ನಮ್ಮಲ್ಲಿ ಹೋದದ್ದು ನಲವತ್ತು ಬಳ್ಳಿ. ತಗ್ಗಿನಲ್ಲಿ ನೆಟ್ಟವರ ಬಳ್ಳಿಗಳು ಸಾಲು ಸಾಲಾಗಿ ಹೋದವು.

2019ರ ಆಗಸ್ಟಿನ ಮಳೆಯನ್ನು ಕಳಸ, ಮೂಡಿಗೆರೆ ಕಡೆಯವರು ಮರೆಯುವ ಹಾಗಿಲ್ಲ. ಗುಡ್ಡಗಳು ಜಾರಿದವು, ರಸ್ತೆ ಕಡಿದವು. ನಮ್ಮ ಅಡಿಕೆ ತೋಟದ ಮೇಲಂಚು ಕುಸಿದು ಅರ್ಧ ಎಕ್ರೆ ಮಣ್ಣಿನಡಿ ಹೋಯಿತು. ಮೂವತ್ತು ವರ್ಷದ ಮರಗಳು. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪಯ್ಯ ನೆಟ್ಟ ಸಾಲೇ ಇಲ್ಲ. ಅವತ್ತು ನಾನು ಅತ್ತದ್ದು ಹೌದು. ಆದರೆ ಆ ವರ್ಷ ನಮ್ಮ ಮೇಲೆ ಒಂದು ರೂಪಾಯಿ ಸಾಲ ಇರಲಿಲ್ಲ. ಹೆಂಡತಿಯ ಬಳೆ, ಸರ 2009ರಲ್ಲೇ ಬಿಡಿಸಿಯಾಗಿತ್ತು. ಮೂರನೇ ಸಾಲು ಇಲ್ಲದಿದ್ದರೆ ಆ ಮಳೆಗೆ ನಾವು ತೋಟ ಮಾರುತ್ತಿದ್ದೆವು.

ಆಮೇಲೆ ಎಲೆಚುಕ್ಕಿ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದ ಕಡೆ ದಶಕಗಳಿಂದ ಅಡಿಕೆಯನ್ನು ತಿನ್ನುತ್ತಾ ಬಂದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮದ್ದಿಲ್ಲ. ಎಲೆಚುಕ್ಕಿ ಶಿಲೀಂಧ್ರದ್ದು, ಮಳೆಗೆ ಹರಡುವಂಥದ್ದು. 2022ರ ಹೊತ್ತಿಗೆ ಕಳಸ ಸೀಮೆಯ ತೋಟ ತೋಟಗಳಲ್ಲಿ ಸೋಗೆ ಸುಟ್ಟ ಹಾಗೆ ಕಾಣುತ್ತಿತ್ತು. ನಮ್ಮ ಅಡಿಕೆ ಫಸಲೂ ಅರ್ಧಕ್ಕೆ ಇಳಿಯಿತು. ಅಡಿಕೆಯೊಂದನ್ನೇ ನಂಬಿದವರ ಸಂಕಟ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮಲ್ಲಿ ಆಗ ಆದಾಯದ ಪಾಲು ಸುಮಾರಾಗಿ ಅಡಿಕೆ 35, ರೋಬಸ್ಟಾ 40, ಮೆಣಸು 25. ಪೆಟ್ಟು ಬಿತ್ತು, ಬೆನ್ನು ಮುರಿಯಲಿಲ್ಲ.

ಹಾಳೆ ಎಡವಿದ ಕಡೆ

ಬರೆದದ್ದೆಲ್ಲ ಸರಿ ಇತ್ತು ಅಂತ ಹೇಳಿದರೆ ಸುಳ್ಳಾದೀತು. ನಾಲ್ಕನೇ ಸಾಲು ನಮ್ಮನ್ನು ಆರು ವರ್ಷ ಮುಳುಗಿಸಿತು.

'ಅರೇಬಿಕಾ ಬಿಡುವುದಿಲ್ಲ' ಎಂದು ಬರೆದದ್ದು ಎಂತಕ್ಕೆ? ಅಪ್ಪಯ್ಯ ಎಸ್.795 ಬೆಳೆದು ಹೆಸರು ತಗೊಂಡಿದ್ದರು. ನನ್ನ ಕೈಯಲ್ಲಿ ಅದು ಹೋಗಬಾರದು ಎಂಬ ಹಠ, ಅಷ್ಟೇ. ಮೂರು ಎಕ್ರೆ ಅರೇಬಿಕಾದಲ್ಲಿ ಪ್ರತಿ ವರ್ಷ ಬೋರರ್ ಗಿಡ ಹುಡುಕಿ ಕಿತ್ತು, ತೂತು ತುಂಬಿಸಿ, ಮತ್ತೆ ಹೊಡೆಸಿಕೊಂಡು, 2012ರವರೆಗೆ ಒದ್ದಾಡಿದೆ. ನೆರಳು ಮತ್ತೆ ಏಳಲು ಹತ್ತು ವರ್ಷ ಬೇಕಿತ್ತು. ನಮ್ಮ ಇಳಿಜಾರಿನ ಸಂಜೆ ಬಿಸಿಲು ಅದಕ್ಕೆ ಹೊಂದುವಂಥದ್ದೂ ಅಲ್ಲ. ಆ ವರ್ಷ ಯುಗಾದಿ ಕಳೆದು ಹಾಳೆ ಓದುವಾಗ ಹೆಂಡತಿ ಹೇಳಿದಳು, "ಉಳಿದ ನಾಲ್ಕು ಸಾಲಿಗೆ ಕಾರಣ ಉಂಟು. ಇದಕ್ಕೆ ಮಾವಯ್ಯನ ಹೆಸರು ಬಿಟ್ಟರೆ ಎಂತ ಉಂಟು?"

ಅವಳೇ ಪೆನ್ನು ತಗೊಂಡು ಗೆರೆ ಎಳೆದಳು. ಮೂರು ವರ್ಷದಲ್ಲಿ ಎರಡೂವರೆ ಎಕ್ರೆಗೆ ಹಂತ ಹಂತವಾಗಿ ಸಿ×ಆರ್ ರೋಬಸ್ಟಾ ಹಾಕಿದೆವು. ಒಳ್ಳೇ ನೆರಳಿರುವ ಅರ್ಧ ಎಕ್ರೆಯಲ್ಲಿ ಅಪ್ಪಯ್ಯನ ಅರೇಬಿಕಾ ಈಗಲೂ ಇದೆ. ಮನೆ ಕಾಫಿಗೆ ಅದೇ.

ಆಗ ನಾನು ಕಲಿತದ್ದು: ಗುರಿ ಬೇರೆ, ಹಠ ಬೇರೆ. ಬರೆದ ಪ್ರತಿ ಸಾಲಿನ ಪಕ್ಕ 'ಎಂತಕ್ಕೆ' ಎಂದು ಕೇಳಿ. ಉತ್ತರ ನಾಳಿನದ್ದಾದರೆ ಗುರಿ. ನಿನ್ನೆಯದಷ್ಟೇ ಆದರೆ ಹಠ.

ಎರಡನೇ ಸಾಲೂ ಅರ್ಧ ತಪ್ಪಿತು. ಇಬ್ಬರು ಖಾಯಂ ಆಳು ಎಂದು ಬರೆದಿದ್ದೆವು. 2016ರ ನಂತರ ಒಬ್ಬರು ಸಿಕ್ಕಿದರೆ ಪುಣ್ಯ. ಕಳೆ ಯಂತ್ರ, ಅಡಿಕೆಗೆ ಔಷಧಿ ಹೊಡೆಯಲು ಫೈಬರ್ ದೋಟಿ ಕೊಂಡು ಸರಿದೂಗಿಸಿದೆವು. ಗುರಿ 'ಕಡಿಮೆ ಜನರಲ್ಲಿ ತೋಟ' ಎಂಬುದು. ಸಂಖ್ಯೆ ಬದಲಾದರೂ ಅದು ಹಾಗೇ ಉಳಿಯಿತು.

ಬಾಳೆಹೊನ್ನೂರು ಕಡೆ ಒಮ್ಮೆ ನೋಡಿ

ಹದಿನೈದು ವರ್ಷ ಮುಂದಿನದ್ದು ಯೋಚಿಸುವುದು ಸಣ್ಣ ಹಿಡುವಳಿದಾರನಿಗೆ ಆಗುವ ಮಾತಾ ಎಂದು ಕೆಲವರು ಕೇಳುತ್ತಾರೆ. ನಮ್ಮ ಬೆಳೆಗಳೇ ಹಾಗಲ್ಲವೇ? ಅಡಿಕೆ ನೆಟ್ಟವನು ಆರೇಳು ವರ್ಷ ಕಾಯಲೇಬೇಕು.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನಮ್ಮ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿ ನೂರು ವರ್ಷ ದಾಟಿತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಅಲ್ಲಿಂದ ಎಸ್.795 ತಳಿ ಬೆಳೆಗಾರರ ಕೈಗೆ ಬಂದದ್ದು 1940ರ ದಶಕದಲ್ಲಿ. ಕಾಫಿಯಲ್ಲಿ ಒಂದು ತಲೆಮಾರಿನ ಗಿಡ ಬೆಳೆದು, ಫಸಲು ಕೊಟ್ಟು, ಅದನ್ನು ಅಳೆದು ನೋಡಲು ವರ್ಷಗಟ್ಟಲೆ ಬೇಕು. ಆ ನಡುವೆ ಯುದ್ಧ ಬಂತು, ದರ ಬಿತ್ತು. ಕೆಲಸ ನಿಲ್ಲಲಿಲ್ಲ, ಏಕೆಂದರೆ ಎಂಥ ಗಿಡ ಬೇಕು ಎಂಬುದು ಅವರಿಗೆ ಗೊತ್ತಿತ್ತು: ತುಕ್ಕು ರೋಗ ತಡೆಯಬೇಕು, ಬೀಜ ದಪ್ಪವಿರಬೇಕು, ಕಪ್ಪಿನಲ್ಲಿ ರುಚಿ ಇರಬೇಕು. ಇವತ್ತಿಗೂ ಅರೇಬಿಕಾ ತೋಟಗಳಲ್ಲಿ ಆ ತಳಿ ನಿಂತಿದೆ.

ಮಗಳ ಲೆಕ್ಕ

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಬಂದ ಮಗಳು ವಾಪಸು ಹೋಗಲಿಲ್ಲ. ಒಂದು ವರ್ಷ ತೋಟದಲ್ಲಿ ಓಡಾಡಿ ಆಮೇಲೆ ಹೇಳಿದಳು, "ನಾನು ಇಲ್ಲೇ ಇರ್ತೇನೆ ಅಪ್ಪ." ಐದನೇ ಸಾಲಿಗೆ ನಾನು ಅಡ್ಡಗೆರೆ ಎಳೆಯಲಿಲ್ಲ. ಸರಿ ಗುರುತು ಹಾಕಿದೆ.

ಜಗಳ ಬಂದದ್ದು 2024ರಲ್ಲಿ. ರೋಬಸ್ಟಾ ಚೆರ್ರಿ ಐವತ್ತು ಕೆ.ಜಿ. ಮೂಟೆಗೆ ಹತ್ತು ಸಾವಿರ ಮುಟ್ಟಿತು. ಎಲೆಚುಕ್ಕಿಯಿಂದ ಸೊರಗಿದ ಮುಕ್ಕಾಲು ಎಕ್ರೆ ಅಡಿಕೆ ತೆಗೆದು ರೋಬಸ್ಟಾ ಹಾಕೋಣ ಎಂದು ಮಗಳ ವಾದ. 1995ರಲ್ಲಿ ನಾನು ಮಾಡಿದ್ದೇ ಅದು, ಮೊದಲನೇ ಸಾಲು ಓದು ಎಂದು ನನ್ನ ವಾದ. ಎರಡು ದಿನ ಮಾತಿಲ್ಲ. ಮೂರನೇ ದಿನ ಅವಳು ನನ್ನದೇ ಲೆಕ್ಕದ ಪುಸ್ತಕ ತಂದು ಎದುರಿಗಿಟ್ಟಳು.

"ಅಪ್ಪ, ಇವತ್ತಿನ ದರದಲ್ಲಿ ನೋಡಿದರೆ ರೋಬಸ್ಟಾ ಪಾಲು 65 ಆಗ್ತದೆ, ಸರಿ. ನಿಮ್ಮ ಪುಸ್ತಕದ ಹತ್ತು ವರ್ಷದ ಸರಾಸರಿ ದರದಲ್ಲಿ ನೋಡಿ. 45 ಮಾತ್ರ. ಇವತ್ತಿನ ದರ ನೋಡಿ ನೆಡಬಾರದು ಅಂತೀರಿ. ಹಾಗಾದರೆ ಇವತ್ತಿನ ದರ ನೋಡಿ ಬೇಡ ಅನ್ನೋದೂ ತಪ್ಪಲ್ವಾ?"

ಹದಿನೆಂಟು ವರ್ಷದಲ್ಲಿ ನನಗೆ ಹೊಳೆಯದ್ದು ಇದು. ಬೆಳೆಯ ಪಾಲನ್ನು ಅಳೆಯಬೇಕಾದ್ದು ಹತ್ತು ವರ್ಷದ ಸರಾಸರಿಯಲ್ಲಿ. ಮುಕ್ಕಾಲು ಎಕ್ರೆ ಒಮ್ಮೆಗೇ ಬೇಡ, ಮೂರು ವರ್ಷದಲ್ಲಿ ಕಾಲು ಕಾಲು ಎಕ್ರೆ, ಸಾಲವಿಲ್ಲದೆ ಎಂದು ಇಬ್ಬರೂ ಒಪ್ಪಿದೆವು. ಮೊದಲ ಕಾಲು ಎಕ್ರೆಯ ಗಿಡಗಳು ನೆಲ ಹಿಡಿದಿವೆ. ದರ ಮುಂದೆ ಏನಾದರೂ ಆಗಲಿ, ಈ ತೀರ್ಮಾನಕ್ಕೆ ನಾವು ಪಶ್ಚಾತ್ತಾಪ ಪಡಬೇಕಾದ್ದಿಲ್ಲ.

ಬರೆಯುವವರಿಗೆ ನಾಲ್ಕು ಮಾತು

* ಒಬ್ಬರೇ ಬರೆಯಬೇಡಿ. ಮನೆಯಲ್ಲಿ ದುಡಿಯುವ ಎಲ್ಲರೂ ಕೂತು ಬರೆಯಿರಿ. ಹೆಂಗಸರಿಗೆ ಗೊತ್ತಿರುವ ಖರ್ಚು ಗಂಡಸರ ಲೆಕ್ಕದಲ್ಲಿ ಇರುವುದಿಲ್ಲ.

* ಒಂದೇ ಹಾಳೆ ಸಾಕು. ಎರಡನೆಯದಕ್ಕೆ ಹೋದರೆ ಯಾರೂ ಓದುವುದಿಲ್ಲ.

* ನಿಮ್ಮ ಜಾಗದಿಂದ ಆಗದ್ದನ್ನು ಮೊದಲು ಬರೆಯಿರಿ.

* ವರ್ಷಕ್ಕೊಮ್ಮೆ ಓದಿ. ಬದಲಾಯಿಸುವುದಿದ್ದರೆ ದರ ಏರಿದ ವಾರದಲ್ಲಿ ಬೇಡ, ಬಿದ್ದ ವಾರದಲ್ಲೂ ಬೇಡ. ಎರಡು ತಿಂಗಳು ಬಿಟ್ಟು ನೋಡಿ.

ಹಳೇ ಹಾಳೆ ಹಳದಿಯಾಗಿ ಮಡಿಕೆಯಲ್ಲಿ ಹರಿದಿತ್ತು. ಕಳೆದ ಯುಗಾದಿಯ ನಂತರ ಮಗಳು ಹೊಸದು ಬರೆದು ಅದರ ಪಕ್ಕದಲ್ಲೇ ಅಂಟಿಸಿದಳು. ಅವಳ ಮೊದಲ ಸಾಲು ಬೆಳೆಯ ಬಗ್ಗೆ ಅಲ್ಲ: 'ಮೇಲಿನ ಗುಡ್ಡದ ಮರ ಕಡಿಯಬಾರದು, ಹಳ್ಳದ ನೀರು ಮಾರ್ಚಿನವರೆಗೆ ಹರಿಯಬೇಕು.' 2006ರಲ್ಲಿ ನೀರು ನಮಗೆ ಒಂದು ಚಿಂತೆಯೇ ಆಗಿರಲಿಲ್ಲ, ಹಾಗಾಗಿ ನಾವು ಬರೆದಿರಲಿಲ್ಲ. ಪಕ್ಕದಲ್ಲಿ 'ಎಂತಕ್ಕೆ' ಎಂದೂ ಬರೆದಿದ್ದಾಳೆ. ಕಾರಣ ಓದಿದೆ. ಸರಿಯಾಗಿಯೇ ಇದೆ.

ನಿಮ್ಮ ತೋಟದಲ್ಲಿ ಇಂಥ ಹಾಳೆ ಇದ್ದರೆ, ಅದು ಎಲ್ಲಿ ನಿಂತಿತು, ಎಲ್ಲಿ ಎಡವಿತು ಎಂದು ಪತ್ರಿಕೆಗೆ ಬರೆಯಿರಿ. ಎಡವಿದ್ದನ್ನು ತಪ್ಪದೆ ಬರೆಯಿರಿ. ಬೇರೆಯವರಿಗೆ ಹೆಚ್ಚು ಉಪಯೋಗವಾಗುವುದು ಅದೇ.